ಹೆಣಿಗೆ ಮುಗಿದ ಮೇಲೆ
(ವಾಚನಾಲಯದಲ್ಲಿ ಮಾಡಿದ ಭಾಷಣ)



ರೇಷ್ಮೆ ನೂಲಿನ ಹೆಣಿಗೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾವು ಕೊಂಚ ಹಿಂಜರಿದೆವು. ಈ ವಿದ್ಯೆಯನ್ನು ನಾವು ಕಲಿತದ್ದು ಕೆಲಸ ಕೆಡಿಸಿ. ಸಂಘದ ಮಹಿಳೆಯರು ಕ್ರೋಶಾ ಕಡ್ಡಿಯಲ್ಲಿ ಹೆಣೆದ ಆರು ಕೊರಳವಸ್ತ್ರಗಳನ್ನು ಅಂಗಡಿಗೆ ಕಳಿಸುವ ಹೊಣೆ ಒಮ್ಮೆ ನಮ್ಮ ಪಾಲಿಗೆ ಬಂದಿತ್ತು. ಅಂದವಾಗಿ ಕಾಣಲೆಂದು ನೀರು ಚಿಮುಕಿಸಿ ಬಿಸಿ ಇಸ್ತ್ರಿಯನ್ನು ಒತ್ತಿ ಎಳೆದೆವು. ಉಬ್ಬಿದ ಹೂಗಳೆಲ್ಲ ಹಪ್ಪಳವಾದುವು. ಎರಡರಲ್ಲಿ ಅಂಚಿನ ಕೆಂಪು ಬಿಳಿಯ ಮೈಗೆ ಇಳಿಯಿತು. ಆರೂ ಹಿಂದಿರುಗಿ ಬಂದುವು. ಸಂಬಳ ಸಾಲದ ಸಂಸಾರಕ್ಕೆ ಒತ್ತಾಸೆಯಾಗಲೆಂದು, ಮಕ್ಕಳು ಮಲಗಿದ ಮೇಲೆ ಕೂತು ಹೆಣೆದವರ ಮುಂದೆ ನಾವು ಯಾವ ಮುಖದಿಂದ ನಿಲ್ಲಬೇಕು? ನೂಲಿನ ಹಣ ಕೊಟ್ಟೆವು. ದುಡಿಮೆಯ ಬೆಲೆ ಕೊಡಲಾಗಲಿಲ್ಲ.

ಉಣ್ಣೆಯ ರೂಢಿ ರೇಷ್ಮೆಗೆ ಒಗ್ಗದು. ಉಣ್ಣೆ ಎಳೆದರೂ ಮರಳಿ ಕೂಡಿಕೊಳ್ಳುತ್ತದೆ. ರೇಷ್ಮೆಗೆ ಆ ಗುಣ ಕಡಿಮೆ, ನೆನೆದಾಗ ಬಲವೂ ತಗ್ಗುತ್ತದೆ. ಒದ್ದೆಯನ್ನು ಹಗ್ಗಕ್ಕೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರು ನಮ್ಮಲ್ಲಿದ್ದಾರೆ. ಆ ಎಳೆ ಹುಳು ಬಾಯಿಂದ ಸುರಿಸಿದ ಪ್ರೋಟೀನು, ನಮ್ಮ ತಲೆಗೂದಲಿನ ಜಾತಿ. ಸೋಡಾ ಬೆರೆತ ಬಟ್ಟೆಸೋಪು, ಬ್ಲೀಚಿಂಗ್ ಪುಡಿ ಎರಡೂ ಅದಕ್ಕೆ ಹಗೆ. ಅಂದಹಾಗೆ, ರೇಷ್ಮೆಯೆಂದು ಮಾರುವುದೆಲ್ಲ ರೇಷ್ಮೆಯಲ್ಲ. ಒಂದೆಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬರಬೇಕು, ಕಾಗದದ್ದಲ್ಲ.

ಮೊದಲು ನೂಲಿನ ತುದಿಗಳನ್ನು ಸೂಜಿಯಿಂದ ಹಿಂಬದಿಯಲ್ಲಿ ಹೋಗಿ ಬಂದು ಸೇರಿಸಿರಿ. ಜಾರುವ ನೂಲು, ಒಂದೇ ದಿಕ್ಕಿಗೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯೊಂದಕ್ಕೆ ಒತ್ತಿ ನೋಡಿ; ಬಣ್ಣ ಅಂಟಿದರೆ ನೆನೆಸಲೇಬೇಡಿ. ಅಂಟದಿದ್ದರೆ ಅಂಟುವಾಳದ ತಿಳಿನೀರಿನಲ್ಲೋ ಮೆದು ಶಾಂಪೂ ಬೆರೆಸಿದ ನೀರಿನಲ್ಲೋ ಅದ್ದಿ, ಉಜ್ಜದೆ, ಎರಡು ಕೈಯಲ್ಲಿ ಆತು ಎತ್ತಿರಿ. ಕಡೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಹೊಳಪು ಬರುತ್ತದೆ. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿರಿ.

ಇನ್ನು ಹಾಸುವುದು. ನಮ್ಮ ಖೋಲಿಗಳಲ್ಲಿ ಜಾಗವೆಲ್ಲಿ ಎನ್ನುವಿರಿ. ಥರ್ಮೋಕೋಲ್ ಹಲಗೆಗೆ ಬಿಳಿ ಬಟ್ಟೆ ಸುತ್ತಿ ಮಂಚದ ಕೆಳಗೆ ತಳ್ಳಿದರಾಯಿತು. ಬೇಕಾದ ಅಳತೆಯನ್ನು ಮೊದಲೇ ಟೇಪಿನಿಂದ ಗುರುತು ಮಾಡಿ, ನಡುವಿನಿಂದ ಅಂಚಿಗೆ ಸವರುತ್ತ ಬಂದು, ಅಂಚಿನ ಪ್ರತಿಯೊಂದು ಕಮಾನಿಗೂ ಒಂದು ಗುಂಡುಸೂಜಿ ಚುಚ್ಚಿರಿ. ಅಳತೆ ಮೀರಿ ಎಳೆಯಬಾರದು. ಸೂಜಿ ತುಕ್ಕು ಹಿಡಿಯದ್ದಾಗಿರಲಿ. ತುಕ್ಕಿನ ಕಲೆ ಬಿಡಿಸುವುದು ಬಲು ಕಷ್ಟ. ಬಿಸಿಲು ಬೇಡ, ರೇಷ್ಮೆ ಹಳದಿಯಾಗುತ್ತದೆ. ಫ್ಯಾನಿನ ಗಾಳಿ ಸಾಕು. ಮುಂಬಯಿಯ ಮಳೆಗಾಲದಲ್ಲಿ ಎರಡು ದಿನವಾದರೂ ಕಾಯಿರಿ. ಪೂರ್ತಿ ಒಣಗದೆ ಸೂಜಿ ಕಿತ್ತರೆ ಪಟ್ಟ ಶ್ರಮ ನೀರುಪಾಲು. ತುದಿಗಳನ್ನು ಕತ್ತರಿಸುವುದು ಒಣಗಿದ ಮೇಲೆ.

ಕೈಚೀಲವಾದರೆ ಒಳಗೆ ಬಿಳಿ ಬಟ್ಟೆ ತುರುಕಿ ಆಕಾರ ಕೊಡಿ. ವಾಚನಾಲಯದ ಹಳೆಯ ಪತ್ರಿಕೆಗಳ ಮೇಲೆ ಕಣ್ಣು ಹಾಕಬೇಡಿ, ಶಾಯಿ ಅಂಟುತ್ತದೆ.

ನಾವು ಕೆಡಿಸಿದ ಆರರಲ್ಲಿ ನಾಲ್ಕನ್ನು ಹೀಗೆಯೇ ಮತ್ತೆ ನೆನೆಸಿ ಹಾಸಿದೆವು; ಹೂಗಳು ಅರ್ಧಮಟ್ಟಿಗೆ ಎದ್ದುವು, ಕಡಿಮೆ ಬೆಲೆಗೆ ಮಾರಿದುವು. ಬಣ್ಣ ಇಳಿದ ಎರಡು ಸಂಘದ ಕಪಾಟಿನಲ್ಲಿವೆ. ಬೇಕಾದವರು ತೆಗೆಸಿ ನೋಡಬಹುದು.