ಸಂವಿಧಾನದ ಒಂದು ವಾಕ್ಯ, ಆಸ್ಪತ್ರೆಯ ಒಂದು ಮಂಚ
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವಾರಕ್ಕೊಂದು ಬಿಡುವಿನ ದಿನ. ಅದನ್ನೂ ಬಿಟ್ಟುಕೊಟ್ಟು ತಾವು ಇಷ್ಟು ಮಂದಿ ಬಂದಿದ್ದೀರಿ. ಹೋಟೆಲಿನಲ್ಲಿ ದುಡಿಯುವವರಿಗೆ ಭಾನುವಾರವೂ ಬಿಡುವಿಲ್ಲವೆಂಬುದನ್ನು ನಾವು ಬಲ್ಲೆವು. ಮಧ್ಯಾಹ್ನದ ಊಟದ ಸರದಿ ಮುಗಿಸಿಕೊಂಡು ಓಡಿ ಬಂದವರಿಗೆ ನಾವು ವಿಶೇಷವಾಗಿ ಕೃತಜ್ಞರು.

ಈ ವಿಷಯವನ್ನು ಏಕೆ ಎತ್ತಿಕೊಂಡೆವೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ. ಕಳೆದ ತಿಂಗಳು ನಮ್ಮ ಮೇಜಿನ ಮೇಲೆ ಸಹಿಯ ಹಾಳೆಯೊಂದು ಬಂದಿತು. ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನನ್ನು ರದ್ದು ಮಾಡಬೇಕೆಂಬ ಮನವಿ ಅದು. ತಂದವರು ಸಜ್ಜನರು, ನಮ್ಮ ನೆರೆಯವರು. ನಮ್ಮಲ್ಲಿ ಕೆಲವರು ಓದದೆ ಸಹಿ ಮಾಡಿದರು. ಕೆಲವರು ಓದದೆ ಜಗಳವಾಡಿದರು. ಈಗಿರುವ ಕಾನೂನು ಏನು ಹೇಳುತ್ತದೆ ಎಂದು ಕೇಳಿದಾಗ ಎರಡು ಪಕ್ಷದವರೂ ಸುಮ್ಮನಾದರು. ನಾವೂ ಸುಮ್ಮನಾದೆವು ಎಂದು ಒಪ್ಪಿಕೊಳ್ಳಬೇಕು. ಆ ನಾಚಿಕೆಯಿಂದ ಹುಟ್ಟಿದ್ದು ಈ ಭಾಷಣ.

ನಾವು ವಾಸವಾಗಿರುವ ಪಟ್ಟಂ, ಮಲಂಕರ ಕ್ಯಾಥೊಲಿಕ್ ಸಭೆಯ ಮಹಾಧರ್ಮಾಧ್ಯಕ್ಷರ ಪೀಠವಿರುವ ಸ್ಥಳ. ಕೇರಳದ ಕ್ಯಾಥೊಲಿಕ್ ಬಿಷಪರ ಮಂಡಳಿಯ ಕಚೇರಿ ಕೊಚ್ಚಿಯ ಪಾಲಾರಿವಟ್ಟದಲ್ಲಿದೆ. ಹುಟ್ಟದ ಶಿಶುವಿನ ಪರವಾಗಿ ಮಾತನಾಡಲೆಂದೇ ಆ ಮಂಡಳಿ ಒಂದು ಸಮಿತಿಯನ್ನು ಇಟ್ಟುಕೊಂಡಿದೆ. ಬಸಿರು ನಿಂತ ಗಳಿಗೆಯಿಂದಲೇ ಅದು ಒಂದು ಜೀವ, ಅದನ್ನು ತೆಗೆಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅವರ ನಂಬಿಕೆ. ನಂಬಿಕೆಯ ಕುರಿತು ನಾವು ತೀರ್ಪು ಹೇಳುವವರಲ್ಲ. ನಮ್ಮ ಮನೆಗಳಲ್ಲೂ ಭ್ರೂಣಹತ್ಯೆ ಮಹಾಪಾಪವೆಂದು ಹೇಳುವ ಹಿರಿಯರಿದ್ದಾರೆ. ಆದರೆ ನಂಬಿಕೆ ಮನೆಯಲ್ಲಿರುವಾಗ ಒಂದು ಬಗೆ, ಕಾನೂನಿನ ಪುಸ್ತಕಕ್ಕೆ ಏರಿದಾಗ ಇನ್ನೊಂದು ಬಗೆ. ಅದನ್ನೇ ಈ ದಿನ ವಿಚಾರ ಮಾಡೋಣ.

ಮೊದಲು ನಮ್ಮ ದೇಶದ ಕಾನೂನು. 1860ರ ದಂಡಸಂಹಿತೆಯ 312ನೆಯ ಕಲಮಿನಂತೆ ಗರ್ಭಪಾತ ಮಾಡಿಸುವುದು ಅಪರಾಧವಾಗಿತ್ತು. ತಾಯಿಯ ಪ್ರಾಣ ಉಳಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಮಾಡಿದವರಿಗೆ ಶಿಕ್ಷೆ. ಮಾಡಿಸಿಕೊಂಡ ಹೆಂಗಸಿಗೂ ಶಿಕ್ಷೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿಯೂ ಅದೇ ಮಾತು ಉಳಿದಿದೆ. ಅಂದರೆ ನಮ್ಮಲ್ಲಿ ಗರ್ಭಪಾತ ಇಂದಿಗೂ ಮೂಲತಃ ಅಪರಾಧವೇ. 1971ರ ಕಾನೂನು ಆ ಗೋಡೆಯಲ್ಲಿ ಒಂದು ಬಾಗಿಲು ತೆರೆಯಿತು, ಅಷ್ಟೆ. ಕದ್ದುಮುಚ್ಚಿ, ಅರೆಬರೆ ತಿಳಿದವರ ಕೈಯಲ್ಲಿ ಗರ್ಭ ತೆಗೆಸಿಕೊಂಡು ಹೆಂಗಸರು ಸಾಯುತ್ತಿದ್ದುದನ್ನು ಕಂಡು ಸರ್ಕಾರ 1964ರಲ್ಲಿ ಶಾಂತಿಲಾಲ್ ಷಾ ಅವರ ಸಮಿತಿಯನ್ನು ನೇಮಿಸಿತು. ಅದು 1966ರಲ್ಲಿ ವರದಿ ಕೊಟ್ಟಿತು. ಕಾನೂನು 1972ರ ಏಪ್ರಿಲ್ 1ರಿಂದ ನಡೆಗೆ ಬಂದಿತು.

2021ರ ತಿದ್ದುಪಡಿಯಾದ ಮೇಲೆ ಕ್ರಮ ಹೀಗಿದೆ: 20 ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದೂ ಅತ್ಯಾಚಾರಕ್ಕೆ ಒಳಗಾದವರು, ವಯಸ್ಸಿಗೆ ಬಾರದವರು, ಬಸಿರಿರುವಾಗಲೇ ಗಂಡನನ್ನು ಕಳೆದುಕೊಂಡವರು ಮೊದಲಾದ ಕೆಲವರಿಗೆ ಮಾತ್ರ. 24 ದಾಟಿದರೆ, ಭ್ರೂಣದಲ್ಲಿ ದೊಡ್ಡ ದೋಷವಿದೆಯೆಂದು ವೈದ್ಯರ ಮಂಡಳಿ ಹೇಳಬೇಕು. ತಾಯಿಯ ಪ್ರಾಣಕ್ಕೆ ಆ ಕ್ಷಣ ಅಪಾಯವಿದ್ದರೆ ವಾರದ ಲೆಕ್ಕವಿಲ್ಲ. ವಯಸ್ಸಿಗೆ ಬಂದ ಹೆಂಗಸಿನ ಒಪ್ಪಿಗೆಯೊಂದೇ ಸಾಕು; ಗಂಡನ ಸಹಿ ಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಹೆಸರನ್ನು ಹೊರಗೆಡಹಿದ ವೈದ್ಯರಿಗೆ ಶಿಕ್ಷೆ ಉಂಟು. ಅರ್ಹತೆಯಿಲ್ಲದವನು ಕೈ ಹಾಕಿದರೆ 2ರಿಂದ 7 ವರ್ಷ ಕಠಿನ ಸಜೆ. ಇಷ್ಟನ್ನು ತಿಳಿಯದೆ ಔಷಧದ ಅಂಗಡಿಯ ಹುಡುಗನನ್ನು ಕೇಳಿ ಮಾತ್ರೆ ನುಂಗಿದವರ ಕಥೆ ನಮ್ಮ ಬಾಡಿಗೆ ಕೋಣೆಗಳ ಸಾಲಿನಲ್ಲಿ ಹೊಸದಲ್ಲ.

ಈ ಬಾಗಿಲನ್ನು ಮುಚ್ಚಿಸಬೇಕೆನ್ನುವ ಸಂಘಗಳಿಗೆ ಎರಡು ದಾರಿ: ಒಂದು ನ್ಯಾಯಸ್ಥಾನ, ಇನ್ನೊಂದು ಶಾಸನಸಭೆ. ನಮ್ಮ ಕೇರಳದಲ್ಲಿ ಎರಡೂ ನಡೆದಿವೆ. ತುರ್ತು ಗರ್ಭನಿರೋಧಕ ಮಾತ್ರೆಯೂ ಗರ್ಭಪಾತವೇ, ಆದ್ದರಿಂದ ಅದು ಕಾನೂನಿಗೆ ವಿರುದ್ಧ ಎಂದು 'ಕೃಪಾ ಪ್ರೊಲೈಫರ್ಸ್' ಎಂಬ ಸಂಘ ಕೊಚ್ಚಿಯ ಹೈಕೋರ್ಟಿಗೆ ಹೋಯಿತು. 2009ರಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. 1971ರ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂಬ ವಾದ ರಾಜಸ್ಥಾನದ ಹೈಕೋರ್ಟಿನ ಮುಂದೆ ಬಂದಾಗಲೂ ಅದು ನಿಲ್ಲಲಿಲ್ಲ.

ಶಾಸನದ ಕಡೆಯ ಉದಾಹರಣೆ ಬೇರೆ ಬಗೆಯದು. 2011ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಆಯೋಗ ಮುಖ್ಯಮಂತ್ರಿ ಉಮ್ಮನ್ ಚಾಂಡಿಯವರಿಗೆ ಒಂದು ಕರಡು ಮಸೂದೆ ಕೊಟ್ಟಿತು. ಎರಡು ಮಕ್ಕಳ ಮೇಲೆ ಮೂರನೆಯದಾದರೆ 10,000 ರೂಪಾಯಿ ದಂಡ, ಇಲ್ಲವೆ 3 ತಿಂಗಳ ಸಜೆ ಎಂಬ ಸೂಚನೆ ಅದರಲ್ಲಿತ್ತು. ಕ್ಯಾಥೊಲಿಕ್ ಸಭೆಯವರೂ ಮುಸ್ಲಿಂ ಸಂಘಟನೆಗಳೂ ಬಲವಾಗಿ ವಿರೋಧಿಸಿದರು. ಮಸೂದೆ ಕಾನೂನಾಗಲಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ಅಲ್ಲಿ ವಿರೋಧಿಸಿದವರು ಸರಿ. ಮೂರನೆಯ ಮಗುವಿಗೆ ಸಜೆ ಎಂದರೆ, ಬಡವನ ಹೆಂಡತಿಯನ್ನು ಬೇಡವಾದ ಗರ್ಭಪಾತಕ್ಕೆ ಸರ್ಕಾರವೇ ಅಟ್ಟಿದಂತೆ.

ಇಲ್ಲಿಯವರೆಗೆ ಈ ಸಂಘಗಳು ನಮ್ಮ ದೇಶದಲ್ಲಿ ಬೇಡಿಕೆ ಇಟ್ಟಿವೆ, ಪೂರ್ತಿ ಗೆದ್ದಿಲ್ಲ. ಪೂರ್ತಿ ಗೆದ್ದರೆ ಏನಾಗುತ್ತದೆ? ಅದಕ್ಕೆ ಉತ್ತರ ಬಹು ದೂರದ ಒಂದು ದೇಶದಲ್ಲಿದೆ. ಆ ಉತ್ತರ ನಮ್ಮ ಬೆಳಗಾವಿಯ ಒಂದು ಮನೆಯ ಬಾಗಿಲಿಗೂ ಬಂದಿತು.

ಐರ್ಲೆಂಡ್ ದೇಶದ ಹೆಸರು ಇಲ್ಲಿ ಯಾರಿಗೂ ಹೊಸದಲ್ಲ. ಕೇರಳದ ಎಷ್ಟೋ ದಾದಿಯರು ಅಲ್ಲಿ ದುಡಿಯುತ್ತಿದ್ದಾರೆ. ನಮ್ಮಂತೆ ಅಲ್ಲಿಯೂ ಬ್ರಿಟಿಷರ ಕಾಲದ ದಂಡದ ಕಾನೂನೇ ನಡೆಯುತ್ತಿತ್ತು, ಅದು 1861ರದು. ಗರ್ಭಪಾತ ಅಲ್ಲಿ ಅಪರಾಧವೇ ಆಗಿತ್ತು. ಆದರೂ ಮುಂದೆ ಯಾವ ನ್ಯಾಯಾಧೀಶರೂ ಯಾವ ಶಾಸನಸಭೆಯೂ ಅದನ್ನು ಸಡಿಲಿಸಬಾರದೆಂದು ಕೆಲವರು ಯೋಚಿಸಿದರು. 1973ರಲ್ಲಿ ಅಮೆರಿಕದ ವರಿಷ್ಠ ನ್ಯಾಯಾಲಯ ಗರ್ಭಪಾತವನ್ನು ಹಕ್ಕೆಂದು ಹೇಳಿತ್ತು. ಆ ಗಾಳಿ ತಮ್ಮ ಕಡೆ ಬೀಸೀತೆಂಬ ಅಂಜಿಕೆ. (ಆ ಅಮೆರಿಕದ ತೀರ್ಪು 2022ರಲ್ಲಿ ಬಿದ್ದುಹೋಯಿತು.) 1981ರಲ್ಲಿ ಅವರೆಲ್ಲ ಸೇರಿ ಒಂದು ಚಳವಳಿ ಕಟ್ಟಿದರು. ರಾಜಕೀಯ ಪಕ್ಷಗಳ ನಾಯಕರನ್ನು ಕಂಡು ಮಾತು ಪಡೆದರು. ಎರಡು ವರ್ಷಗಳಲ್ಲಿ ಜನಮತಗಣನೆಯೇ ನಡೆದುಹೋಯಿತು. 1983ರ ಸೆಪ್ಟೆಂಬರ್ 7ರಂದು ಮತ ಹಾಕಿದವರಲ್ಲಿ 66.9 ಶೇಕಡ ಜನ ಒಪ್ಪಿದರು. ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯಾಗಿ ಒಂದು ವಾಕ್ಯ ಸೇರಿತು. ಹುಟ್ಟದ ಶಿಶುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮ ಎಂಬುದು ಅದರ ಸಾರ.

ಓದಲು ಎಷ್ಟು ನ್ಯಾಯವಾದ ಮಾತು! ಎರಡು ಜೀವ, ಎರಡೂ ಸಮ. ತಕ್ಕಡಿಯ ಎರಡು ತಟ್ಟೆಯಂತೆ. ಆದರೆ ತಕ್ಕಡಿ ಹಿಡಿಯುವವರು ಯಾರು, ಯಾವ ಗಳಿಗೆಯಲ್ಲಿ, ಎಂಬುದನ್ನು ಆ ವಾಕ್ಯ ಹೇಳಲಿಲ್ಲ. ಚಳವಳಿಯ ಸಂಘಗಳು ಆ ವಾಕ್ಯವನ್ನು ಹಿಡಿದು ನ್ಯಾಯಸ್ಥಾನಗಳಿಗೆ ಹೋದವು. ಹೊರದೇಶದ ಆಸ್ಪತ್ರೆಯ ವಿಳಾಸ ತಿಳಿಸಿದ ವಿದ್ಯಾರ್ಥಿಗಳ ಮೇಲೂ ಮೊಕದ್ದಮೆ ನಡೆಯಿತು. 1992ರಲ್ಲಿ 14 ವರ್ಷದ ಒಬ್ಬ ಹುಡುಗಿಯ ಪ್ರಕರಣದಲ್ಲಿ, ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದರೆ ಗರ್ಭ ತೆಗೆಯಬಹುದೆಂದು ಅಲ್ಲಿಯ ವರಿಷ್ಠ ನ್ಯಾಯಾಲಯ ಹೇಳಿತು. ಅಪಾಯ ಎಷ್ಟಿದ್ದರೆ ಅಪಾಯ? ಅದನ್ನು ಬರೆದಿಡಬೇಕಾದ ಶಾಸನಸಭೆ 21 ವರ್ಷ ಬರೆಯಲಿಲ್ಲ. ಎಂಥ ಕಾನೂನು ಬರೆದರೂ ಒಂದು ಪಕ್ಷ ಮುನಿಯುತ್ತದೆಯೆಂಬ ಭಯ.

ಈ ನಡುವೆ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಅಲ್ಲಿಗೆ ಹೋದಳು. ಸವಿತಾ ಹಾಲಪ್ಪನವರ. ಹೆಸರೇ ಸಾಕಲ್ಲವೆ, ಯಾವ ನೆಲದವಳೆಂದು ತಿಳಿಯುವುದಕ್ಕೆ? ಬೆಳಗಾವಿಯಲ್ಲಿ ಬೆಳೆದು ದಂತವೈದ್ಯಳಾದವಳು. ಗಂಡನೊಡನೆ ಗಾಲ್ವೇ ನಗರದಲ್ಲಿದ್ದಳು. ವಯಸ್ಸು 31. ಚೊಚ್ಚಲ ಬಸಿರು, 17 ವಾರ. 2012ರ ಅಕ್ಟೋಬರ್ 21ರ ಭಾನುವಾರ ಬೆನ್ನುನೋವೆಂದು ಅಲ್ಲಿಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದಳು. ಮಗು ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ಗರ್ಭವನ್ನು ತೆಗೆದುಬಿಡಿ ಎಂದು ಅವಳು ಬೇಡಿದಳು. ಭ್ರೂಣದ ಎದೆ ಇನ್ನೂ ಬಡಿಯುತ್ತಿದೆ, ನಿನ್ನ ಪ್ರಾಣಕ್ಕೆ ಈಗ ಅಪಾಯವಿಲ್ಲ, ಆದ್ದರಿಂದ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಬುಧವಾರದ ಹೊತ್ತಿಗೆ ನಂಜು ಮೈಯೆಲ್ಲ ಏರಿತ್ತು. ಆ ದಿನವೇ ಬಸಿರು ಇಳಿದುಹೋಯಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು.

ಮಗುವನ್ನು ಬೇಡವೆಂದವಳಲ್ಲ ಅವಳು. ಬೇಕೆಂದು ಕಾದವಳು. ಇದನ್ನು ಮರೆಯಬಾರದು.

ಇನ್ನೊಂದು ಪಕ್ಷದ ಮಾತನ್ನೂ ಹೇಳುವುದು ನ್ಯಾಯ. ಸಾವಿಗೆ ಕಾರಣ ಕಾನೂನಲ್ಲ, ನಂಜನ್ನು ಹೊತ್ತಿಗೆ ಸರಿಯಾಗಿ ಗುರುತಿಸದ ಉಪಚಾರದ ಲೋಪ ಎಂದು ತಿದ್ದುಪಡಿಯ ಪರವಾದವರು ವಾದಿಸಿದರು. 2013ರ ಅಧಿಕೃತ ವರದಿಗಳು ಅಂಥ ಲೋಪಗಳನ್ನು ನಿಜವಾಗಿಯೂ ಎತ್ತಿ ತೋರಿಸಿದವು. ಆದರೆ ಸಾವಿನ ವಿಚಾರಣೆಯಲ್ಲಿ ಸಾಕ್ಷಿ ನುಡಿದ ಹೆರಿಗೆ ತಜ್ಞ ಡಾ. ಪೀಟರ್ ಬಾಯ್ಲನ್ ಹೇಳಿದ್ದು ಇದು: ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಅವಳು ಉಳಿಯುವ ಸಂಭವ ಹೆಚ್ಚಿತ್ತು, ಆಗ ಕಾನೂನು ಬಿಡುತ್ತಿರಲಿಲ್ಲ, ಬಿಡುವಷ್ಟು ಅಪಾಯ ಬಂದಾಗ ಹೊತ್ತು ಮೀರಿತ್ತು. 'ಇದು ಕ್ಯಾಥೊಲಿಕ್ ದೇಶ' ಎಂದು ಸವಿತಾಳಿಗೆ ಹೇಳಿದ್ದ ದಾದಿ ಅದೇ ವಿಚಾರಣೆಯಲ್ಲಿ ಅದನ್ನು ಒಪ್ಪಿಕೊಂಡು ವಿಷಾದ ತಿಳಿಸಿದರು. ಆ ಮಾತನ್ನು ಹಿಡಿದು ನಾವು ಯಾವ ಧರ್ಮವನ್ನೂ ಹಳಿಯಬೇಕಾಗಿಲ್ಲ. ಅವಳ ಸಾವಿಗೆ ಬೀದಿಗಿಳಿದು ದೀಪ ಹಚ್ಚಿದವರೂ ಆ ದೇಶದ ಜನರೇ. 2018ರ ಮೇ 25ರಂದು ಮತ್ತೆ ಜನಮತಗಣನೆ ನಡೆಯಿತು. 66.4 ಶೇಕಡ ಮತಗಳಿಂದ ಆ ವಾಕ್ಯ ತೆಗೆದುಹಾಕಲ್ಪಟ್ಟಿತು. ಒಂದು ದೇಶ 35 ವರ್ಷಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಮತಗಳಿಂದ ತಾನೇ ಬರೆದುದನ್ನು ತಾನೇ ಅಳಿಸಿತು.

ಇದರಿಂದ ನಾವು ತಿಳಿದುಕೊಳ್ಳಬೇಕಾದದ್ದೇನು? ಹುಟ್ಟದ ಶಿಶುವನ್ನು ಕುರಿತು ಮರುಕ ಪಡುವುದು ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ವರಿಷ್ಠ ನ್ಯಾಯಾಲಯವೂ ಆ ಮರುಕವನ್ನು ಬಿಟ್ಟಿಲ್ಲ. 2023ರ ಅಕ್ಟೋಬರ್ 16ರಂದು, 26 ವಾರ ದಾಟಿದ್ದ ಬಸಿರನ್ನು ತೆಗೆಸಲು ಇಬ್ಬರು ಮಕ್ಕಳ ತಾಯಿಯೊಬ್ಬಳು ಕೇಳಿದ ಅನುಮತಿಯನ್ನು ಅದು ಕೊಡಲಿಲ್ಲ. ಅದೇ ನ್ಯಾಯಾಲಯ 2022ರಲ್ಲಿ, ಮದುವೆಯಾಗದ ಹೆಣ್ಣಿಗೂ 24 ವಾರದವರೆಗಿನ ಅವಕಾಶವುಂಟೆಂದು ಹೇಳಿತ್ತು. ತಕ್ಕಡಿ ಹಿಡಿಯುವುದು ಕಷ್ಟದ ಕೆಲಸ; ಪ್ರಕರಣದಿಂದ ಪ್ರಕರಣಕ್ಕೆ ಹಿಡಿಯಬೇಕು. ಒಂದು ವಾಕ್ಯದಲ್ಲಿ ಅದನ್ನು ಮುಗಿಸಿಬಿಡುತ್ತೇವೆಂದು ಹೊರಡುವ ಕಡೆ ಮಾತ್ರ ನಮಗೆ ಅಂಜಿಕೆ.

ಆದ್ದರಿಂದ ಯಾವ ಸಂಘ ಯಾವ ಮನವಿ ತಂದರೂ ಮೂರು ಪ್ರಶ್ನೆ ಕೇಳಿ ಎಂದು ತಮ್ಮಲ್ಲಿ ವಿನಂತಿ. ಒಂದು, ಈಗಿರುವ ಕಾನೂನಿನ ಯಾವ ಕಲಮು ಬೇಡ, ಅದರ ಜಾಗದಲ್ಲಿ ಯಾವ ಮಾತು ಬೇಕು? ಎರಡು, ನಡುರಾತ್ರಿ ಬಸುರಿ ಆಸ್ಪತ್ರೆಯ ಮಂಚದ ಮೇಲೆ ನರಳುವಾಗ ಆ ಮಾತನ್ನು ಓದಿ ವೈದ್ಯರು ಏನು ಮಾಡಬೇಕು? ಅವರು ವಕೀಲರನ್ನು ಕೇಳಬೇಕೆ, ಅವಳನ್ನು ನೋಡಬೇಕೆ? ಮೂರು, ಹುಟ್ಟಿದ ಮೇಲೆ ಆ ಕೂಸಿಗೆ ಹಾಲು ಯಾರು ಕೊಡುತ್ತಾರೆ, ತಾಯಿಗೆ ಹೆರಿಗೆ ರಜೆ ಯಾರು ಕೊಡುತ್ತಾರೆ? ದಿನಗೂಲಿಯ ಹೆಂಗಸು ಬಸಿರಾದರೆ ಮರುದಿನ ಕೆಲಸ ಹೋಗುತ್ತದೆಂಬುದು ಈ ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತು. ಆ ಕೆಲಸವನ್ನು ಉಳಿಸಲು ಹೋರಾಡುವ ಸಂಘ ಬಂದರೆ, ಯಾವ ಧರ್ಮದ್ದಾದರೂ ಸರಿ, ಮೊದಲ ಸಹಿ ನಮ್ಮದು.

ಆ ಹಾಳೆ ಇನ್ನೂ ಮೇಜಿನ ಮೇಲಿದೆ. ನಾವು ಅದನ್ನು ಹರಿದಿಲ್ಲ, ಬಚ್ಚಿಟ್ಟಿಲ್ಲ. ಅದರ ಪಕ್ಕದಲ್ಲಿ 1971ರ ಕಾನೂನಿನ ಮುಖ್ಯ ಕಲಮುಗಳನ್ನು ಕನ್ನಡದಲ್ಲಿ ಬರೆದು ಇಟ್ಟಿದ್ದೇವೆ. ಎರಡನ್ನೂ ಓದಿ. ಓದಲು ಬಾರದವರಿಗೆ ಪಕ್ಕದಲ್ಲಿ ಕುಳಿತವರು ಓದಿ ಹೇಳಿ. ಮುಖ್ಯವಾಗಿ ಮನೆಗೆ ಹೋಗಿ ಹೆಂಗಸರಿಗೆ ಹೇಳಿ. ಈ ಕಾನೂನು ಅವರದು, ಆದರೆ ಅದನ್ನು ಕೇಳಿದವರು ನಮ್ಮಲ್ಲಿ ಹೆಚ್ಚಿನವರು ಗಂಡಸರು. ಆಮೇಲೆ ಸಹಿ ಮಾಡುವವರು ಮಾಡಿ, ಬಿಡುವವರು ಬಿಡಿ. ಓದಿ ಮಾಡಿದ ಸಹಿಗೂ ಓದಿ ಬಿಟ್ಟ ಸಹಿಗೂ ನಮ್ಮ ವಾಚನಾಲಯದಲ್ಲಿ ಒಂದೇ ಮರ್ಯಾದೆ.