ಬೀಗದ ಕೈ ಯಾರ ಹತ್ತಿರ ಇದೆ?

(ಪುತ್ತೂರಿನಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮಜೂರಿಯ ಮಾತು ನಡೆಯುವ ಈ ವೇದಿಕೆಯಲ್ಲಿ ಶಾಲೆಯ ಪುಸ್ತಕದ ಕಪಾಟಿನ ವಿಷಯವನ್ನು ಎತ್ತಿದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಇದೂ ಕೆಲಸದ ಪ್ರಶ್ನೆಯೇ. ಮಾಡಬೇಕಾದ ಕೆಲಸವೊಂದಿದೆ, ಮಾಡುವವರನ್ನು ನೇಮಿಸಿಲ್ಲ. ವಿಷಯ ಇಷ್ಟೇ.

ಕಡಬದ ಕಡೆಯ ಒಂದು ಸರಕಾರಿ ಶಾಲೆಗೆ ನಾನು ಹೋಗಿದ್ದೆ. ಹೆಸರು ಹೇಳುವುದಿಲ್ಲ, ಅಲ್ಲಿಯ ಮೇಷ್ಟ್ರ ತಪ್ಪು ಅದರಲ್ಲಿಲ್ಲ. ಒಂದು ಕಬ್ಬಿಣದ ಕಪಾಟು, ಅದರೊಳಗೆ ಪುಸ್ತಕ. ಬೀಗದ ಕೈ ಮುಖ್ಯೋಪಾಧ್ಯಾಯರಲ್ಲಿ, ಅವರು ಆ ದಿನ ಲೆಕ್ಕಪತ್ರದ ಕೆಲಸಕ್ಕೆ ಹೊರಗೆ ಹೋಗಿದ್ದರು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರುಗಳು, ಅವುಗಳ ಮೇಲೆ ಹಳೆಯ ಸೀರೆ ಹೊದಿಸಿತ್ತು. ಸಿಡಿಲಿಗೆ ಎರಡು ಸುಟ್ಟುಹೋಗಿದ್ದುವು, ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ನಮ್ಮ ಊರಿನ ಮಳೆಗಾಲ ನಿಮಗೆ ಗೊತ್ತು. ನಾಲ್ಕು ತಿಂಗಳು ಮುಟ್ಟದೆ ಇಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಗೋಡೆಯಿಂದ ಗೆದ್ದಲು ಇಳಿಯುತ್ತದೆ. ಮಾಲು ತುಂಬಿಸಿ, ಕೂತು ಮಾರುವವನನ್ನಿಡದೆ ಬೀಗ ಹಾಕಿದ ಅಂಗಡಿಯ ಗತಿ ಏನೆಂದು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕೆ?

ಸರಕಾರ ಹಣ ಕೊಡುವುದಿಲ್ಲವೆಂದು ನಾನು ಹೇಳುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಪುಸ್ತಕಕ್ಕೆಂದು ಶಾಲೆಯೊಂದಕ್ಕೆ ವರ್ಷಕ್ಕೆ 5,000ದಿಂದ 20,000 ರೂಪಾಯಿಯ ವರೆಗೆ ಅನುದಾನವಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಪತ್ರಿಕೆ ಇರಬೇಕು, ಕತೆ ಪುಸ್ತಕ ಇರಬೇಕು ಎಂದು ಬರೆದಿದೆ. ಆದರೆ ಅದೇ ಪಟ್ಟಿಯಲ್ಲಿ ಸಿಬ್ಬಂದಿಯ ಲೆಕ್ಕ ನೋಡಿರಿ. 60 ಮಕ್ಕಳ ವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ದೊಡ್ಡ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆಗೆ, ಆಟಕ್ಕೆ, ಕೈಕೆಲಸಕ್ಕೆ ಅರೆಕಾಲಿಕ ಬೋಧಕರು. ಗ್ರಂಥಪಾಲಕ ಎಂಬ ಶಬ್ದವೇ ಆ ಲೆಕ್ಕದಲ್ಲಿಲ್ಲ! ಕೇಂದ್ರೀಯ ವಿದ್ಯಾಲಯದಲ್ಲಿ ಆ ಹುದ್ದೆ ಇದೆ, ನವೋದಯದಲ್ಲಿ ಇದೆ. ಸುಳ್ಯದ ರಬ್ಬರು ತೋಟದಲ್ಲಿ ಹಾಲು ಇಳಿಸುವವನ ಮಗುವಿನ ಶಾಲೆಯಲ್ಲಿ ಇಲ್ಲ. ಮನೆಯಲ್ಲಿ ಹತ್ತು ಪುಸ್ತಕ ಇರುವ ಮಗುವಿಗೆ ಶಾಲೆಯ ಕಪಾಟು ತೆರೆಯದಿದ್ದರೂ ನಡೆದೀತು, ಇದ್ದದ್ದೇ ಪಠ್ಯಪುಸ್ತಕವಾದವನ ಗತಿ ಏನು?

ಇದು ಹೊಸ ಬೇಡಿಕೆಯೂ ಅಲ್ಲ. 1952-53ರ ಮುದಲಿಯಾರ್ ಆಯೋಗವೇ ಶಾಲೆಯ ಗ್ರಂಥಾಲಯಕ್ಕೆ ತರಬೇತಿ ಪಡೆದ ಗ್ರಂಥಪಾಲಕ ಬೇಕೆಂದು ಹೇಳಿತ್ತು. ಗ್ರಂಥಾಲಯ ಶಾಸ್ತ್ರಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು ವೃತ್ತಿಯನ್ನು ಆರಂಭಿಸಿದ್ದೇ 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಅಧ್ಯಾಪಕರಾಗಿ. ಪುಸ್ತಕ ಕಾದಿಡುವ ವಸ್ತುವಲ್ಲ, ಬಳಸುವ ವಸ್ತು ಎಂಬುದೇ ಅವರ ಶಾಸ್ತ್ರದ ಮೊದಲ ಮಾತು. ಇದೇ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ದಶಕಗಳ ಕಾಲ ಇದ್ದು, ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು, ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನೇ ಬರೆದರು. ಕಾರಂತರ ಹೆಸರಿನಲ್ಲಿ ನಾವು ಸಭೆ ಮಾಡುತ್ತೇವೆ, ಹಾರ ಹಾಕುತ್ತೇವೆ.

ಇನ್ನು ಕಂಪ್ಯೂಟರಿನ ವಿಷಯ. 2001ರ ಸುಮಾರಿಗೆ 'ಮಾಹಿತಿ ಸಿಂಧು' ಎಂದು ರಾಜ್ಯದಲ್ಲಿ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. ಕಲಿಸುವವರನ್ನು ಸರಕಾರ ನೇಮಿಸಲಿಲ್ಲ, ಖಾಸಗಿ ಕಂಪೆನಿಗಳು ಗುತ್ತಿಗೆಯ ಮೇಲೆ ತಂದವು. ಅನಂತರ ಬಂದ ಐಸಿಟಿ ಯೋಜನೆಯಲ್ಲಿಯೂ ಅದೇ ಕ್ರಮ: ಐದು ವರ್ಷ ಕಂಪೆನಿ ನಡೆಸುವುದು, ಅವಧಿ ಮುಗಿದ ಮೇಲೆ ಯಂತ್ರವನ್ನು ಶಾಲೆಗೆ ಬಿಟ್ಟುಕೊಡುವುದು. ಯಂತ್ರ ಶಾಲೆಗೆ ಉಳಿಯಿತು, ಕಲಿಸಿದ ಹುಡುಗ ಹುಡುಗಿಯರು ಮನೆಗೆ ಹೋದರು. ಗುತ್ತಿಗೆ ಕೂಲಿಯೆಂದರೆ ಏನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಐದು ವರ್ಷದ ಯಂತ್ರ ಹಳತಾಗುತ್ತದೆ. ಐದು ವರ್ಷ ಕಲಿಸಿದ ಮನುಷ್ಯ ಹಾಗಲ್ಲ, ಅವನ ಕೈ ಆಗಷ್ಟೇ ಪಳಗಿರುತ್ತದೆ. ಬಿಸಾಡುವುದು ಅವನನ್ನು!

ಜಾಲ್ಸೂರು ದಾಟಿ ಆದೂರು, ಮುಳ್ಳೇರಿಯಾ ಕಡೆಗೆ ಹೋಗಿ ನೋಡಿರಿ. ಕೇರಳದಲ್ಲಿ ಶಾಲೆಯ ಶಿಕ್ಷಕರಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು ಐಟಿ ಸಂಯೋಜಕರೆಂದು ಮಾಡಿದ್ದಾರೆ. ಹಣ ಕೊಡಬೇಕಾಗಿಲ್ಲದ ಸ್ವತಂತ್ರ ತಂತ್ರಾಂಶ ಬಳಸುತ್ತಾರೆ. ಕಾಸರಗೋಡಿನ ನಮ್ಮ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲಿಯೂ ಇದೆ. 2018ರಲ್ಲಿ ಮಕ್ಕಳದ್ದೇ 'ಲಿಟ್ಲ್ ಕೈಟ್ಸ್' ಕೂಟಗಳನ್ನು ಕಟ್ಟಿದರು. ಅಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ, ಶಾಲಾ ಗ್ರಂಥಪಾಲಕರ ಹುದ್ದೆಗಾಗಿ ಅಲ್ಲಿಯವರೂ ಕೂಗುತ್ತಲೇ ಇದ್ದಾರೆ.

ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಹಿಂದೆ ಶಾಲೆಯ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಟ್ಟು ಮನೆಗೆ ಕಳುಹಿಸುತ್ತಿದ್ದರು. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು, ಅಡುಗೆಗೆ ಜನ ನೇಮಕವಾದರು. ಅವರಿಗೆ ಕೊಡುವ ಗೌರವಧನದ ಬಗ್ಗೆ ಬೇರೆಯೇ ಸಭೆ ಮಾಡಬೇಕು, ಅದಿರಲಿ. ಅಕ್ಕಿಯ ಜೊತೆಗೆ ಬೇಯಿಸುವ ಕೈಯೂ ಬೇಕೆಂದು ಸರಕಾರಕ್ಕೆ ಅರ್ಥವಾದದ್ದು ನ್ಯಾಯಾಲಯ ಹೇಳಿದ ಮೇಲೆ. ಪುಸ್ತಕದ ವಿಷಯದಲ್ಲಿ ನಾವಿನ್ನೂ ಮೂರು ಕಿಲೋ ಅಕ್ಕಿಯ ಕಾಲದಲ್ಲಿಯೇ ಇದ್ದೇವೆ.

ಇಪ್ಪತ್ತು ಮಕ್ಕಳ ಶಾಲೆಗೂ ಒಬ್ಬ ಗ್ರಂಥಪಾಲಕನನ್ನು ಕೊಡಿ ಎಂದು ನಾನು ಕೇಳುವುದಿಲ್ಲ. ನಾಲ್ಕೈದು ಶಾಲೆಗಳ ಗುಂಪಿಗೆ ಒಬ್ಬರು ಖಾಯಂ ನೌಕರರು, ವಾರಕ್ಕೊಂದು ದಿನ ಒಂದೊಂದು ಶಾಲೆ. ಪ್ರೌಢಶಾಲೆಗೆ ಮಾತ್ರ ಅಲ್ಲಿಯೇ ಇರುವ ಒಬ್ಬರು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನ ಕಲಿತವರು ನಮ್ಮಲ್ಲಿ ಇದ್ದಾರೆ, ಸುಳ್ಯದಲ್ಲಿ ಪಾಲಿಟೆಕ್ನಿಕ್ ಇದೆ, ಇಂಜಿನಿಯರಿಂಗ್ ಕಾಲೇಜಿದೆ. ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲೆಯಾಳ ಆಡುವ ಮಕ್ಕಳು, ರಬ್ಬರು ತೋಟದ ಲೈನುಗಳಲ್ಲಿ ತಮಿಳು ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಯಾವ ಮಗುವಿಗೆ ಯಾವ ಕನ್ನಡ ಪುಸ್ತಕ ಮೊದಲು ಕೊಡಬೇಕೆಂದು ತಿಳಿದ ಮನುಷ್ಯ ಬೇಕು, ಬರಿಯ ಕಪಾಟಿಗೆ ಅದು ತಿಳಿಯದು.

ಪಂಚಾಯತು ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು, 2020ರಲ್ಲಿ 'ಓದುವ ಬೆಳಕು' ಎಂದು ಶಾಲಾ ಮಕ್ಕಳನ್ನು ಅಲ್ಲಿಗೆ ಸೇರಿಸಿಕೊಂಡರು. ಒಳ್ಳೆಯ ಕೆಲಸ. ಆದರೆ ಗುಡ್ಡದ ಆಚೆಯ ಮಗು ಶಾಲೆ ಬಿಟ್ಟು, ಬಸ್ಸು ತಪ್ಪಿಸಿ, ಅಲ್ಲಿಗೆ ಹೋಗಲಾರದು.

ನಿಮ್ಮಿಂದ ಆಗಬೇಕಾದ್ದು ಸಣ್ಣದು. ನಿಮ್ಮಲ್ಲಿ ಎಷ್ಟೋ ಮಂದಿ ಎಸ್‌ಡಿಎಂಸಿ ಸದಸ್ಯರಿದ್ದೀರಿ. ಮುಂದಿನ ಸಭೆಯಲ್ಲಿ ಪುಸ್ತಕ ಕೊಟ್ಟ ರಿಜಿಸ್ಟರನ್ನು ತರಿಸಿ ನೋಡಿರಿ. ಕೊನೆಯ ಪುಸ್ತಕ ಯಾವ ತಾರೀಕಿಗೆ ಮಗುವಿನ ಕೈಗೆ ಹೋಯಿತೆಂದು ಬರೆದುಕೊಳ್ಳಿರಿ. ನಡೆಯುವ ಕಂಪ್ಯೂಟರ್ ಎಷ್ಟು, ಕೆಟ್ಟದ್ದು ಎಷ್ಟು, ಬೀಗದ ಕೈ ಯಾರ ಹತ್ತಿರ ಎಂಬುದನ್ನೂ ಬರೆಯಿರಿ. ಮೇಷ್ಟ್ರ ಮೇಲೆ ಎಗರಿ ಬೀಳಬೇಡಿರಿ, ಆ ಕಾಗದ ಅವರಿಗೂ ಬೇಕು. ಮೂರೂ ತಾಲೂಕುಗಳ ಕಾಗದ ಒಟ್ಟಾದ ದಿನ ಅದನ್ನು ಹಿಡಿದುಕೊಂಡು ನಾವು ಮಂಗಳೂರಿಗೆ, ಉಪನಿರ್ದೇಶಕರ ಕಚೇರಿಗೆ ಹೋಗೋಣ. ಬಸ್ಸಿನ ಖರ್ಚು ಅವರವರದ್ದೇ.