ಒಬ್ಬರೇ ಆಡುವ ಇಸ್ಪೀಟು

ಜೊತೆಗಾರರಿಲ್ಲದ ಸಂಜೆಗೆ ‘ನಲವತ್ತು ಕಳ್ಳರು’ ತಕ್ಕ ಆಟ. ನೆಪೋಲಿಯನ್ 1815ರಲ್ಲಿ ಸೆರೆಯಾಗಿ ಸೇರಿದ ಸೇಂಟ್ ಹೆಲೀನಾ ದ್ವೀಪದ ಹೆಸರೂ ಇದಕ್ಕುಂಟು. ಎರಡು ಕಟ್ಟುಗಳ 104 ಎಲೆಗಳನ್ನು ಕಲಸಿ, ಸಾಲಿಗೆ ನಾಲ್ಕರಂತೆ ಹತ್ತು ಸಾಲು ತೆರೆದಿಡತಕ್ಕದ್ದು. ಎಕ್ಕಗಳನ್ನು ಬೇರೆಯಿಟ್ಟು, ಅವುಗಳ ಮೇಲೆ ಆಯಾ ಜಾತಿಯ ಎಲೆಗಳನ್ನೇ ರಾಜನವರೆಗೆ ಏರಿಸಬೇಕು. ಎಂಟು ರಾಶಿ ತುಂಬಿದರೆ ಗೆಲುವು. ಸಾಲಿನಲ್ಲಾದರೋ ಇಳಿಕೆಯ ಕ್ರಮ: ಆಟೀನು ಒಂಬತ್ತರ ಮೇಲೆ ಆಟೀನು ಎಂಟೇ, ಅದೂ ತುದಿಯ ಒಂದೊಂದೇ ಎಲೆ. ಉಳಿದ 64 ಎಲೆಗಳನ್ನು ಒಂದೊಂದಾಗಿ ತೆರೆದು, ಹೊಂದದ್ದನ್ನು ಪಕ್ಕಕ್ಕೆ ಪೇರಿಸುವೆವು. ಆ ಪೇರಿಕೆಯ ಮೇಲಿನ ಎಲೆ ಮಾತ್ರ ಬಳಕೆಗೆ, ಮತ್ತೆ ತಿರುವುವಂತಿಲ್ಲ. ಬರಿದಾದ ಸಾಲೇ ಐಶ್ವರ್ಯ. ಅಲ್ಲಿ ಯಾವ ಎಲೆಯೂ ಸಲ್ಲುವುದು. ಆತುರದಿಂದ ರಾಜನನ್ನು ಕೂರಿಸಿದೆವೋ, ಅವನು ಬೇಗ ಏಳುವವನಲ್ಲ.

ಯಾರೂ ನೋಡುತ್ತಿಲ್ಲವೆಂದು ನಾವು ಒಮ್ಮೆ ಪೇರಿಕೆಯ ಅಡಿಯಿಂದ ಎಕ್ಕವೊಂದನ್ನು ಎಳೆದೆವು. ಎಂಟು ರಾಶಿಯೂ ತುಂಬಿತು. ಗೆದ್ದೆವೆಂದು ಮನೆಯಲ್ಲಿ ಹೇಳಲು ಮಾತ್ರ ಬಾಯಿ ಬರಲಿಲ್ಲ.